ತಾಳಿದವನು ಬಾಳಿಯಾನೆ?

ನಮ್ಮ ಸಂಘದ ವಾರ್ಷಿಕ ಒಳಾಂಗಣ ಪಂದ್ಯಗಳ ಪಟ್ಟಿಯಿಂದ ಪೋಕರ್ ಆಟವನ್ನು ತೆಗೆದುಹಾಕಿ, ಅದರ ಜಾಗದಲ್ಲಿ ತಂಬೋಲ ಇಡಬೇಕೆಂಬ ಸಲಹೆಯೊಂದು ಕೆಲವು ತಿಂಗಳಿಂದ ಓಡಾಡುತ್ತಿದೆ. ಸಲಹೆ ಕೊಟ್ಟವರ ವಾದ ಸರಳವಾದದ್ದು: "ಅದೂ ಅದೃಷ್ಟ, ಇದೂ ಅದೃಷ್ಟ. ತಂಬೋಲವಾದರೆ ಮನೆಮಂದಿಯೆಲ್ಲ ಕೂರಬಹುದು." ತಂಬೋಲದ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಪೋಕರ್ ಬರಿಯ ಅದೃಷ್ಟವೆಂದು ಸಾರುತ್ತಿರುವ ಮಹನೀಯರು ಆ ಮೇಜಿನಿಂದ ಹೇಗೆ ಎದ್ದುಹೋದರು ಎಂಬುದನ್ನು ಕಂಡವನು ನಾನು. ಕೈಯಲ್ಲಿ ಬಿಲ್ಲೆ ಕಡಿಮೆಯಾದ ಮೇಲೆ ಅವರಲ್ಲಿ ಅರ್ಧ ಜನ ಎಕ್ಕದ ಜೋಡಿ ಬರಲೆಂದು ಕಾಯುತ್ತ ಕಾಯುತ್ತ ಕರಗಿಹೋದರು. ಉಳಿದರ್ಧ ಜನ ಕೈಗೆ ಬಂದ ಎಲೆಗೆಲ್ಲ ಇದ್ದಬದ್ದ ಬಿಲ್ಲೆಯನ್ನೆಲ್ಲ ಮುಂದಕ್ಕೆ ನೂಕಿ ಎದ್ದರು. ಎರಡೂ ಗುಂಪಿನವರು ಹೊರಗೆ ಬಂದು ಕಾಫಿ ಲೋಟ ಹಿಡಿದು ಹೇಳಿದ್ದು ಒಂದೇ ಮಾತು: "ನಮ್ಮ ಹಣೆಬರಹ!" ಇದರಲ್ಲಿ ಹಣೆಬರಹದ ಪಾಲು ಎಷ್ಟು, ಅಂಕಗಣಿತದ ಪಾಲು ಎಷ್ಟು ಎಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಹಣದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ನಮ್ಮಲ್ಲಿ ಆಡುವುದು ಪ್ಲಾಸ್ಟಿಕ್ ಬಿಲ್ಲೆಗಳಿಂದ. ಗೆದ್ದವರಿಗೆ ಸಿಗುವುದು ಒಂದು ಸ್ಟೀಲ್ ಡಬ್ಬ ಮತ್ತು ಅಧ್ಯಕ್ಷರ ಹಸ್ತಲಾಘವ. ಮೊಬೈಲಿನಲ್ಲಿ ಹತ್ತಿಪ್ಪತ್ತು ರೂಪಾಯಿ ಕಟ್ಟಿ ಆಡುವ ಪಂದ್ಯಗಳು ನಮ್ಮ ದೇಶದಲ್ಲಿ ಬಹಳ ಕಾಲ ನಡೆದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಆಟ ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಸಣ್ಣ ಮೊತ್ತದ ಪಂದ್ಯಗಳಲ್ಲಿ ಪಂದ್ಯ ನಡೆಸುವವನೇ ಪ್ರವೇಶ ಶುಲ್ಕದಲ್ಲಿ ತನ್ನ ಪಾಲನ್ನು ಮೊದಲೇ ಎತ್ತಿಟ್ಟುಕೊಳ್ಳುತ್ತಾನೆ. ಆದ್ದರಿಂದ ಚೆನ್ನಾಗಿ ಆಡುವವನಿಗೂ ಅಲ್ಲಿ ಉಳಿಯುವುದು ಅಲ್ಪ. ಸಂಬಳದ ಹಣ ತೆಗೆದುಕೊಂಡು ಹೋಗಿ ಆಡಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಹಾಗೆಂದು ಇಸ್ಪೀಟೆಂದರೆ ಎಲ್ಲವೂ ಜೂಜು ಎಂದು ಮೂಗು ಮುರಿಯುವವರಿಗೆ, ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು 1967ರಷ್ಟು ಹಿಂದೆಯೇ ಸರ್ವೋಚ್ಚ ನ್ಯಾಯಾಲಯ ಹೇಳಿದ್ದನ್ನು ನೆನಪಿಸಿದರೆ ತಪ್ಪಾಗಲಾರದು.

ಇನ್ನು ಆಟಕ್ಕೆ ಬರೋಣ. ಆಡಿ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಪ್ರತಿಯೊಬ್ಬನಿಗೂ ಎರಡೆರಡು ಎಲೆ ಗುಟ್ಟಾಗಿ ಕೊಡುತ್ತಾರೆ. ಮೇಜಿನ ಮಧ್ಯೆ ಎಲ್ಲರಿಗೂ ಸೇರಿದ ಐದು ಎಲೆ ಕ್ರಮವಾಗಿ ಬೀಳುತ್ತವೆ. ಈ ಏಳರಲ್ಲಿ ಅತ್ಯುತ್ತಮ ಐದನ್ನು ಹೊಂದಿಸಿದವನು ಗೆದ್ದ. ನಡುನಡುವೆ ಪಣ ಏರಿಸಬಹುದು, ಸರಿಗಟ್ಟಬಹುದು, ಎಲೆ ಕೆಳಗಿಟ್ಟು ಹಿಂದೆ ಸರಿಯಬಹುದು. ಯಾರೂ ಸುಮ್ಮನೆ ಕೂರಬಾರದೆಂದು ಇಬ್ಬರು ಸರದಿಯ ಮೇಲೆ ಎಲೆ ನೋಡುವ ಮೊದಲೇ ಪಣ ಕಟ್ಟಬೇಕು. ಇವನ್ನು ಚಿಕ್ಕ ಬ್ಲೈಂಡ್, ದೊಡ್ಡ ಬ್ಲೈಂಡ್ ಎನ್ನುತ್ತಾರೆ. ಪಂದ್ಯದಲ್ಲಿ ಈ ಬ್ಲೈಂಡ್ ಗೊತ್ತಾದ ವೇಳೆಗೊಮ್ಮೆ ಏರುತ್ತಲೇ ಹೋಗುತ್ತದೆ. ಬಿಲ್ಲೆ ಪೂರಾ ಮುಗಿದವನು ಹೊರಗೆ.

ಈ ಏರಿಕೆಯಲ್ಲಿಯೇ ಎಲ್ಲ ಮರ್ಮವೂ ಇದೆ. ಪೇಟೆಯಲ್ಲಿ ಬೆಲೆ ಏರಿದಂತೆ ಇಲ್ಲಿ ಬ್ಲೈಂಡ್ ಏರುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ತುಟ್ಟಿಭತ್ಯೆ ಇಲ್ಲ. ನಮ್ಮ ಪಂದ್ಯದ ಲೆಕ್ಕವನ್ನೇ ತೆಗೆದುಕೊಳ್ಳಿ. ಎಲ್ಲರಿಗೂ 5000 ಬಿಲ್ಲೆ. ಬ್ಲೈಂಡ್ 25–50ರಿಂದ ಪ್ರಾರಂಭ. 20 ನಿಮಿಷಕ್ಕೊಮ್ಮೆ ಏರಿಕೆ. ಆಗ ನಿಮ್ಮ ಹತ್ತಿರ ಇರುವುದು ನೂರು ದೊಡ್ಡ ಬ್ಲೈಂಡ್. ಎರಡು ಗಂಟೆ ಯಾವ ನಷ್ಟವನ್ನೂ ಮಾಡಿಕೊಳ್ಳದೆ ಜಾಣತನದಿಂದ ಆಡಿ ಅದೇ 5000 ಉಳಿಸಿಕೊಂಡಿದ್ದೀರಿ ಎನ್ನೋಣ. ಅಷ್ಟರಲ್ಲಿ ಬ್ಲೈಂಡ್ 250–500 ಆಗಿರುತ್ತದೆ. ಬಿಲ್ಲೆ ಅಷ್ಟೇ ಇದೆ, ನೀವು ಮಾತ್ರ ಹತ್ತು ಬ್ಲೈಂಡಿನ ಬಡವರು. ಹೀಗೆ ಬಡವರಾಗುವುದಕ್ಕೆ ಯಾವ ತಪ್ಪನ್ನೂ ಮಾಡಬೇಕಾಗಿಲ್ಲ. ಗಡಿಯಾರ ತಿರುಗಿದರೆ ಸಾಕು.

ಇಲ್ಲಿಂದ ಮುಂದೆ 'ತಾಳಿದವನು ಬಾಳಿಯಾನು' ಪಂಥದವರು ಏನು ಮಾಡುತ್ತಾರೆ, ನೋಡಿ. ಒಂಬತ್ತು ಜನರ ಮೇಜಿನಲ್ಲಿ ಒಂದು ಸುತ್ತಿಗೆ ಒಂಬತ್ತು ಕೈ; ನಮ್ಮ ಹರಟೆಯ ವೇಗದಲ್ಲಿ ಅದಕ್ಕೆ ಸುಮಾರು 20 ನಿಮಿಷ. ಅಂದರೆ ಸುತ್ತಿಗೊಮ್ಮೆ ಬ್ಲೈಂಡೂ ಏರುತ್ತದೆ. ಮೊದಲನೆಯ ಸುತ್ತಿಗೆ 750 ಬಿಲ್ಲೆ ಹೋಯಿತು. ಎರಡನೆಯದು 300–600; ಹೋದದ್ದು 900. ಮೂರನೆಯದು 400–800, 1200. ನಾಲ್ಕನೆಯದು 500–1000, 1500. ಕೈ ಕಟ್ಟಿ ಕೂತವರ 5000ದಲ್ಲಿ ಉಳಿದದ್ದು 650. ಅದು ಒಂದು ದೊಡ್ಡ ಬ್ಲೈಂಡಿಗೂ ಸಾಲದು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದೆಂದು ನಮ್ಮ ಹಿರಿಯರೇ ಹೇಳಿದ್ದಾರೆ. ಗಾದೆ ಹಿಡಿದು ಆಡುವುದೇ ಆದರೆ ಈ ಗಾದೆಯನ್ನು ಏಕೆ ಹಿಡಿಯಬಾರದು?

ಕಾದದ್ದಾದರೂ ಯಾವುದಕ್ಕೆ? ಎಕ್ಕದ ಜೋಡಿಗೆ. ಐವತ್ತೆರಡು ಎಲೆಗಳಿಂದ ಎರಡೆಲೆಯ 1326 ಕೂಟಗಳಾಗುತ್ತವೆ. ಅವುಗಳಲ್ಲಿ ಎಕ್ಕದ ಜೋಡಿ ಆರು. ಅಂದರೆ 221 ಕೈಗೆ ಒಂದು. ಮೇಲೆ ಹೇಳಿದ 36 ಕೈಗಳಲ್ಲಿ ಅದು ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 15 ಮಾತ್ರ. ಅದೇ, ಯಾವುದಾದರೊಂದು ಜೋಡಿ ಅಥವಾ ಎಕ್ಕ ಇರುವ ಯಾವುದಾದರೊಂದು ಕೈ ಎಂದಿಟ್ಟುಕೊಂಡರೆ 1326ರಲ್ಲಿ 270, ಐದಕ್ಕೆ ಒಂದು. ಒಂದೇ ಸುತ್ತಿನಲ್ಲಿ ಅಂಥ ಕೈ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 87. ಕಣ್ಣೆದುರು ಬಂದ ಬಸ್ಸುಗಳನ್ನೆಲ್ಲ ಬಿಟ್ಟು, ಹವಾನಿಯಂತ್ರಿತ ಬಸ್ಸೇ ಬರಲೆಂದು ನಿಲ್ದಾಣದಲ್ಲಿ ನಿಂತು ಆಫೀಸಿಗೆ ತಡವಾದವನು ದೂರಬೇಕಾದದ್ದು ಯಾರನ್ನು?

ಎರಡನೆಯ ಪಂಥದವರು ಓದಿಕೊಂಡವರು. ಇವರ ಕೈಯಲ್ಲಿ ಪುಸ್ತಕವಿದೆ, ಮೊಬೈಲಿನಲ್ಲಿ ಕೋಷ್ಟಕವಿದೆ. 1995ರ ವಿಶ್ವ ಪಂದ್ಯ ಗೆದ್ದ ಡ್ಯಾನ್ ಹ್ಯಾರಿಂಗ್ಟನ್, ಬಿಲ್ಲೆಯ ರಾಶಿಯನ್ನು ಒಂದು ಸುತ್ತಿನ ಖರ್ಚಿನಿಂದ ಭಾಗಿಸಿ ಬಂದ ಸಂಖ್ಯೆಗೆ, ಪಾಲ್ ಮ್ಯಾಗ್ರಿಯಲ್ ಎಂಬ ಗಣಿತಜ್ಞ ಆಟಗಾರನ ಹೆಸರಿನಿಂದ 'ಎಂ' ಎಂದು ಕರೆದು, ಅದು ಹತ್ತರ ಕೆಳಗಿಳಿದರೆ ಆಟದ ರೀತಿಯನ್ನೇ ಬದಲಿಸಬೇಕೆಂದ. ನಮ್ಮ 5000ದ ಬಡವನ ಎಂ ಸುಮಾರು ಆರೂಮುಕ್ಕಾಲು. ಇಂಥ ಸ್ಥಿತಿಯಲ್ಲಿ ಸಣ್ಣಪುಟ್ಟ ಏರಿಕೆಗೆ ಅರ್ಥವಿಲ್ಲ, ಒಂದೋ ಎಲ್ಲವನ್ನೂ ನೂಕು, ಇಲ್ಲವೇ ಎಲೆ ಕೆಳಗಿಡು ಎಂಬುದು ಈಚಿನ ಪುಸ್ತಕಗಳ ಒಮ್ಮತದ ಮಾತು. ಮಾತು ಸರಿಯಾದದ್ದೇ. ಆದರೆ ಅದರ ಹಿಂದೆ ಒಂದು ಷರತ್ತು ಅಡಗಿದೆ: ನೀವು ನೂಕಿದಾಗ ಎದುರಾಳಿ ಹೆದರಿ ಎಲೆ ಕೆಳಗಿಡುವ ಸಂಭವ ಸಾಕಷ್ಟಿರಬೇಕು. ನೂಕುವುದರ ಲಾಭದಲ್ಲಿ ದೊಡ್ಡ ಪಾಲು ಎಲೆ ಗೆದ್ದು ಬರುವುದಿಲ್ಲ, ಎದುರಾಳಿಯ ಹೆದರಿಕೆಯಿಂದ ಬರುತ್ತದೆ.

ನಮ್ಮ ಮೇಜಿನಲ್ಲಿ ಹೆದರುವವರು ಯಾರಿದ್ದಾರೆ? ಇಲ್ಲಿರುವುದು 'ನೋಡೋಣ' ಗುಂಪು. ಈ ಮಹಾನುಭಾವರು ಪಣ ಏರಿಸುವುದಿಲ್ಲ; ಎಲೆ ಕೆಳಗಿಡುವುದೂ ಇಲ್ಲ. "ನೋಡೋಣ" ಎಂದು ಬಿಲ್ಲೆ ಹಾಕುತ್ತಾರೆ. ರಾಣಿ ಮತ್ತು ನಾಲ್ಕು ಇದ್ದರೂ ನೋಡೋಣ, ಎಂಟು ಆರು ಇದ್ದರೂ ನೋಡೋಣ. ಹತ್ತು ಗಂಟೆಗೆ ಬಂದ ಕಡತವನ್ನು ಒಪ್ಪದೆ, ತಿರಸ್ಕರಿಸದೆ, "ನೋಡೋಣ, ಇರಲಿ" ಎಂದು ಬದಿಗಿಡುವ ಅಧಿಕಾರಿಯ ಸ್ವಭಾವವೇ ಇದು. ಲಾಸ್ ವೇಗಾಸಿನ ಸಣ್ಣ ಮೊತ್ತದ ದೈನಂದಿನ ಪಂದ್ಯಗಳಿಂದ ಇಂಗ್ಲೆಂಡಿನ ಪಬ್ಬುಗಳ ಪಂದ್ಯಗಳವರೆಗೆ ಪ್ರವೇಶ ಅಗ್ಗವಾದಲ್ಲೆಲ್ಲ ಇಂಥವರು ಹೇರಳ. ಅವರು ಬಂದಿರುವುದು ಸಂಜೆ ಕಳೆಯಲು. ಎಲೆ ಕೆಳಗಿಟ್ಟರೆ ಸಂಜೆ ಹೇಗೆ ಕಳೆಯಬೇಕು? ಇಂಥವರ ಮುಂದೆ ಏಳು-ಎರಡು ಹಿಡಿದು ಗಂಭೀರ ಮುಖ ಮಾಡಿ ಎಲ್ಲವನ್ನೂ ನೂಕುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. (ಸದಸ್ಯ ಮಿತ್ರರು ಕ್ಷಮಿಸಬೇಕು; ಉಪಮೆ ಆಟಕ್ಕೆ ಮಾತ್ರ ಸೀಮಿತ.) ಕಿನ್ನರಿಯಲ್ಲಿ ದೋಷವಿಲ್ಲ, ಕೋಣನಲ್ಲಿಯೂ ದೋಷವಿಲ್ಲ. ಬಾರಿಸಿದವನು ಯೋಚಿಸಬೇಕಾಗಿತ್ತು.

ಬಾಯಿಮಾತು ಬೇಡ, ಲೆಕ್ಕ ಹಾಕೋಣ. ಬ್ಲೈಂಡ್ 250–500. ನಿಮ್ಮಲ್ಲಿ 5000. ಎಲ್ಲರೂ ಸರಿದು ಸರದಿ ನಿಮಗೆ ಬಂದಿದೆ. ಮುಂದಿರುವುದು ಬ್ಲೈಂಡ್ ಕಟ್ಟಿದ ಇಬ್ಬರೇ. ಮಧ್ಯೆ 750 ಇದೆ. ದುರ್ಬಲ ಕೈ ಹಿಡಿದು ನೂಕುತ್ತೀರಿ. ಎದುರಾಳಿಗಳು ಹೆದರುವ ಜಾತಿಯಾಗಿದ್ದು ನೂರಕ್ಕೆ 70 ಸಲ ಇಬ್ಬರೂ ಬಿಟ್ಟುಕೊಟ್ಟರೆ, ಉಳಿದ 30 ಸಲ ದೊಡ್ಡ ಬ್ಲೈಂಡಿನವನು ಒಳ್ಳೆಯ ಎಲೆ ಹಿಡಿದೇ ಎದುರಾದಾಗ ನೀವು ಗೆಲ್ಲುವುದು ನೂರಕ್ಕೆ 35 ಸಲ ಮಾತ್ರ ಎಂದಿಟ್ಟುಕೊಂಡರೂ, ಸರಾಸರಿಯಲ್ಲಿ ಪ್ರತಿ ಸಲಕ್ಕೆ ಸುಮಾರು 100 ಬಿಲ್ಲೆ ಲಾಭ. ಪುಸ್ತಕ ಗೆದ್ದಿತು. ಈಗ ಅದೇ ಜಾಗದಲ್ಲಿ 'ನೋಡೋಣ' ಗುಂಪಿನವನನ್ನು ಕೂರಿಸಿ. ನೂರಕ್ಕೆ 30 ಸಲ ಮಾತ್ರ ಬಿಟ್ಟುಕೊಡುತ್ತಾರೆ. 70 ಸಲ ಎದುರಾಗುತ್ತಾನೆ. ಹಾಳುಮೂಳು ಎಲೆಗೂ ಎದುರಾಗುವವನಾದ್ದರಿಂದ ನಿಮ್ಮ ಗೆಲುವು 35ರಿಂದ 42ಕ್ಕೆ ಏರಿತೆನ್ನಿ. ಆದರೂ ಸರಾಸರಿ 260 ಬಿಲ್ಲೆ ನಷ್ಟ! ಕೈ ಅದೇ, ಬಿಲ್ಲೆ ಅಷ್ಟೇ, ಕೋಷ್ಟಕ ಅದೇ. ಎದುರಿನ ಮನುಷ್ಯ ಬದಲಾದ, ಲಾಭ ನಷ್ಟವಾಯಿತು.

ಈಗ ಬಲವಾದ ಕೈ ತೆಗೆದುಕೊಳ್ಳಿ. ಹೆದರುವವನ ಮುಂದೆ ಅದು ಎದುರಾದಾಗ ಗೆಲ್ಲುವುದು ನೂರಕ್ಕೆ 50 ಎಂದರೆ ಸರಾಸರಿ ಲಾಭ ಸುಮಾರು 560. 'ನೋಡೋಣ' ಎನ್ನುವವನ ಮುಂದೆ ಅದೇ ಕೈ ನೂರಕ್ಕೆ 60 ಗೆಲ್ಲುತ್ತದೆಂದು ಹಿಡಿದರೆ ಲಾಭ ಸುಮಾರು 1030. ಹತ್ತಿರ ಹತ್ತಿರ ಇಮ್ಮಡಿ! ಪ್ರಮಾಣಗಳು ನಾನು ಹಿಡಿದವು. ನಿಮಗೆ ತೋಚಿದ ಪ್ರಮಾಣ ಹಾಕಿ ನೋಡಿ, ಅಂಕಿ ಬದಲಾದೀತು, ಓಟದ ದಿಕ್ಕು ಬದಲಾಗದು. ತಾತ್ಪರ್ಯ ಇಷ್ಟೇ: ಎಲೆ ಬಿಡದ ಎದುರಾಳಿ ದುರ್ಬಲ ಕೈಗೆ ಶತ್ರು, ಬಲವಾದ ಕೈಗೆ ಅನ್ನದಾತ. ಅವನ ಮುಂದೆ ಹೆದರಿಸುವ ಆಟವನ್ನು ಪೂರಾ ಬಿಟ್ಟು, ಗಟ್ಟಿ ಕೈ ಬಂದಾಗ ಒಂದು ಬಿಲ್ಲೆಯನ್ನೂ ಹಿಂದಿಡದೆ ಆಡಬೇಕು.

"ಮೊಬೈಲಿನ ಕೋಷ್ಟಕ ಸಮತೋಲನ ಸಿದ್ಧಾಂತದಿಂದ ಬಂದದ್ದು, ಅದು ತಪ್ಪಾದೀತೆ?" ಎಂದು ಒಬ್ಬ ಮಿತ್ರರು ಕೇಳಿದರು. ಜಾನ್ ನ್ಯಾಶ್ 1950ರ ಸುಮಾರಿಗೆ ರೂಪಿಸಿದ ಆ ಸಿದ್ಧಾಂತವನ್ನು ಅಲ್ಲಗಳೆಯುವ ಯೋಗ್ಯತೆ ಒಬ್ಬ ಬಿ.ಎಸ್ಸಿ. ಗುಮಾಸ್ತನಿಗಿಲ್ಲ. ಆದರೆ ಅದು ಹೇಳುವುದೇನು? ಎಲ್ಲರೂ ತಮ್ಮ ತಮ್ಮ ಹಿತವನ್ನು ಸರಿಯಾಗಿ ಲೆಕ್ಕ ಹಾಕಿ ಆಡುತ್ತಿದ್ದರೆ ಯಾರೂ ಒಬ್ಬನೇ ದಾರಿ ಬದಲಿಸಿ ಲಾಭ ಪಡೆಯಲಾರ ಎಂದು. ಕೋಷ್ಟಕ ಓದದವನ ಮುಂದೆ ಕೋಷ್ಟಕದ ಪ್ರತಿ ಸಾಲನ್ನೂ ಪಾಲಿಸಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಬಹುಮಾನದ ಹತ್ತಿರ ಬಂದಾಗ ಇಬ್ಬರು ವೃಥಾ ಡಿಕ್ಕಿ ಹೊಡೆದರೆ ಲಾಭವಾಗುವುದು ಆ ಇಬ್ಬರಿಗಲ್ಲ. ಪಕ್ಕದಲ್ಲಿ ಕೂತು ಚಕ್ಕುಲಿ ತಿನ್ನುತ್ತಿರುವ ಮೂರನೆಯವನಿಗೆ. ಎದುರಾಳಿ ತಪ್ಪಾಗಿ "ನೋಡೋಣ" ಅಂದರೆ ಅವನಿಗೂ ನಷ್ಟ, ನಿಮಗೂ ನಷ್ಟ ಆಗಬಹುದು. ಆದ್ದರಿಂದ ಅವನ ತಪ್ಪನ್ನು ನೋಡಿ ನಗುವ ಬದಲು ಆ ತಪ್ಪಿಗೆ ಅವಕಾಶ ಕೊಡದಿರುವುದೇ ಲೇಸು.

ಹಾಗಾದರೆ ಬಡವ ಮಾಡಬೇಕಾದದ್ದೇನು? ಬರಿಯ ಖಂಡನೆ ಮಾಡಿ ಜಾರಿಕೊಂಡೆ ಎಂಬ ಮಾತು ಬರಬಾರದೆಂದು ನನ್ನ ಮತವನ್ನು ಸ್ಪಷ್ಟವಾಗಿ ಹೇಳುತ್ತೇನೆ.

ಒಂದು: ಹತ್ತು ಬ್ಲೈಂಡಿಗೆ ಇಳಿದ ಮೇಲೆ "ಅಗ್ಗವಾಗಿ ಮಧ್ಯದ ಎಲೆ ನೋಡೋಣ" ಎಂಬ ಚಪಲ ಬಿಡಬೇಕು. ಒಂದೇ ಬಣ್ಣದ ಎರಡೆಲೆಗೆ ಮೊದಲ ಮೂರು ಎಲೆಯಲ್ಲಿಯೇ ಬಣ್ಣ ಪೂರ್ತಿಯಾಗುವುದು ನೂರಕ್ಕೆ ಒಂದು ಸಲವೂ ಇಲ್ಲ. ಸಣ್ಣ ಜೋಡಿಗೆ ಆ ಮೂರರಲ್ಲಿ ಮೂರನೆಯ ಜೊತೆ ಸಿಕ್ಕುವುದು ಎಂಟೂವರೆಗೆ ಒಂದು. ಪ್ರತಿ ನೋಟಕ್ಕೆ ಆಸ್ತಿಯ ಹತ್ತನೆಯ ಒಂದು ಪಾಲು ತೆತ್ತರೆ ಸಿಕ್ಕುವ ವೇಳೆಗೆ ಆಸ್ತಿಯೇ ಇರುವುದಿಲ್ಲ. ದೊಡ್ಡ ಬ್ಲೈಂಡ್ ಕಟ್ಟಿ, ಯಾರೂ ಏರಿಸದೆ, ಪುಕ್ಕಟೆಯಾಗಿ ನೋಡಲು ಸಿಕ್ಕಿದರೆ ಮಾತ್ರ ನೋಡಿ. 'ನೋಡೋಣ' ಗುಂಪು ಏರಿಸುವುದಿಲ್ಲವಾದ್ದರಿಂದ ಈ ಪುಕ್ಕಟೆ ನೋಟ ನಮ್ಮ ಮೇಜಿನಲ್ಲಿ ಮೇಲಿಂದ ಮೇಲೆ ಸಿಕ್ಕುತ್ತದೆ.

ಎರಡು: ಹಿಂದಿನವರೆಲ್ಲ ಸರಿದು ಕೊನೆಯ ಎರಡು ಮೂರು ಸ್ಥಾನಗಳಲ್ಲಿ ಸರದಿ ನಿಮಗೆ ಬಂದರೆ, ಯಾವುದೇ ಜೋಡಿ, ಯಾವುದೇ ಎಕ್ಕ, ರಾಜನ ಜೊತೆ ರಾಣಿ, ಗುಲಾಮ ಅಥವಾ ಹತ್ತು, ರಾಣಿಯ ಜೊತೆ ಗುಲಾಮ, ಇಷ್ಟಕ್ಕೆ ಎಲ್ಲವನ್ನೂ ನೂಕಿ. ಇದು ನಾಲ್ಕು ಕೈಗೆ ಒಂದಾಗುತ್ತದೆ. ಅದರ ಕೆಳಗಿನದನ್ನು ಕೋಷ್ಟಕ ಎಷ್ಟೇ ಹೊಗಳಿದರೂ ಬಿಟ್ಟುಬಿಡಿ.

ಮೂರು: ಮುಂಚೆಯೇ ಇಬ್ಬರು ಮೂವರು "ನೋಡೋಣ" ಎಂದು ಬಿಲ್ಲೆ ಹಾಕಿದ್ದರೆ ಮಧ್ಯದ ರಾಶಿ ಕಣ್ಣು ಕುಕ್ಕುತ್ತದೆ. ಅವರು ಓಡುತ್ತಾರೆಂದು ನಂಬಬೇಡಿ. ಎಂಟರ ಜೋಡಿ ಮತ್ತು ಅದರ ಮೇಲಿನವು, ಎಕ್ಕದ ಜೊತೆ ಹತ್ತರಿಂದ ಮೇಲಿನ ಎಲೆ, ಇಷ್ಟಕ್ಕೆ ಮಾತ್ರ ನೂಕಿ. ಇದು ಹನ್ನೆರಡು ಹದಿಮೂರು ಕೈಗೆ ಒಂದು.

ನಾಲ್ಕು: ಜನ್ಮದಲ್ಲಿ ಏರಿಸದವನು ಒಮ್ಮೆ ಏರಿಸಿದರೆ ಅವನನ್ನು ನಂಬಿ. ಎಕ್ಕ-ಗುಲಾಮವನ್ನೂ ಕೆಳಗಿಡಿ. ಸಾಧು ಸಿಟ್ಟಾದರೆ ಕಾರಣ ಇದ್ದೇ ಇರುತ್ತದೆ.

ಐದು: ಕಾಯುವ ಪಂಥದವರಿಗೆ ಒಂದು ರಿಯಾಯಿತಿ. ಹೇಗೂ ಎದುರಾಳಿ ಹೆದರುವುದಿಲ್ಲವಾದ್ದರಿಂದ, ಹತ್ತರಿಂದ ಎಂಟು ಬ್ಲೈಂಡಿಗೆ ಇಳಿದರೆ ಹೆದರಿಸುವ ಶಕ್ತಿ ಹೋಯಿತೆಂಬ ಚಿಂತೆ ಬೇಡ. ಪುಸ್ತಕ ಹೇಳಿದ್ದಕ್ಕಿಂತ ಒಂದು ಸುತ್ತು ಹೆಚ್ಚು ಕಾಯಬಹುದು. ನಾಲ್ಕು ಸುತ್ತಲ್ಲ. ಬಹುಮಾನಕ್ಕೆ ಒಬ್ಬನೇ ಬಾಕಿ ಇದ್ದು, ಪಕ್ಕದವನ ಬಳಿ ನಿಮಗಿಂತಲೂ ಕಡಿಮೆ ಇದ್ದರೆ, ಆಗಲೂ ಕಾಯಿರಿ. ಅದಕ್ಕೆ ಲೆಕ್ಕದ ಆಧಾರವಿದೆ. ಉಳಿದಂತೆ ಕಾಯುವುದು ಬರಿಯ ಅಭ್ಯಾಸ.

"ಇಷ್ಟೆಲ್ಲ ಮಾಡಿ ಎಕ್ಕದ ಜೋಡಿಯೇ ಬಂದರೂ ಸೋಲುವುದಿಲ್ಲವೇ?" ಸೋಲುತ್ತದೆ. ಸೋಲಲೇಬೇಕು. ಎಕ್ಕದ ಜೋಡಿ ಒಬ್ಬನ ಎದುರು ನೂರಕ್ಕೆ 85 ಸಲ ಗೆಲ್ಲುತ್ತದೆ. ಯಾವ ಎಲೆಗಾದರೂ ಬರುವ ಇಬ್ಬರ ಎದುರು 73. ಮೂವರ ಎದುರು 64. ಮೂವರು ಬಂದರು, ಎಕ್ಕದ ಜೋಡಿ ಸೋತಿತು, ಆಟವೇ ಮೋಸ ಎಂದು ಕೂಗುವವರು ಒಂದು ಗಳಿಗೆ ಯೋಚಿಸಲಿ: ನೂರಕ್ಕೆ 64 ಸಲ ಇದ್ದದ್ದು ನಾಲ್ಕು ಪಟ್ಟಾಗುವ ವ್ಯವಹಾರವನ್ನು ಜಗತ್ತಿನ ಯಾವ ಬ್ಯಾಂಕು ಕೊಡುತ್ತದೆ? ಉಳಿದ 36 ಸಲದ ಸೋಲು ಆ ವ್ಯವಹಾರದ ಬೆಲೆ. ಕಳೆದ ಸಲ ಒಬ್ಬರು ಏಳು-ಎರಡು ನೂಕಿ ಗೆದ್ದರಲ್ಲಾ ಎಂದು ಇನ್ನು ಕೆಲವರು ಸಾಕ್ಷಿ ತರುತ್ತಾರೆ. ಕೆಂಪು ದೀಪ ಇದ್ದಾಗಲೂ ರಸ್ತೆ ದಾಟಿ ಬದುಕಿದವರು ನಮ್ಮ ಊರಿನಲ್ಲಿ ಸಾವಿರಾರು ಜನ ಇದ್ದಾರೆ. ಅದರಿಂದ ನಿಯಮ ಏನಾದರೂ ಬದಲಾಯಿತೆ?

ಬಿಲ್ಲೆ ಕಡಿಮೆಯಾದೊಡನೆ ಪಂದ್ಯ ಮುಗಿಯಿತೆಂದು ಕುರ್ಚಿ ಹಿಂದಕ್ಕೆ ಎಳೆಯುವವರಿಗೆ ಜ್ಯಾಕ್ ಸ್ಟ್ರಾಸನ ಹೆಸರು ಹೇಳಬೇಕು. 1982ರ ವಿಶ್ವ ಪಂದ್ಯದಲ್ಲಿ ಈತನ ಬಳಿ ಕೊನೆಗೆ ಒಂದೇ ಒಂದು ಬಿಲ್ಲೆ ಉಳಿದಿತ್ತೆಂದು ಹೇಳುತ್ತಾರೆ. ಆ ವರ್ಷ ಗೆದ್ದವನು ಆತನೇ. ಒಂದು ಬಿಲ್ಲೆ, ಒಂದು ಕುರ್ಚಿ ಇದ್ದರೆ ಸಾಕೆಂಬ ಮಾತು ಪೋಕರ್ ಲೋಕದಲ್ಲಿ ಗಾದೆಯಾದದ್ದು ಅವನಿಂದಲೇ. ಆತನಿಗೆ ಅದೃಷ್ಟವೂ ಇತ್ತು, ಒಪ್ಪೋಣ. ಆದರೆ ಎದ್ದುಹೋದವನ ಕುರ್ಚಿಯನ್ನು ಅದೃಷ್ಟ ಹುಡುಕಿಕೊಂಡು ಬರುವುದಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ತಂಬೋಲದಲ್ಲಿ ಕೂಗಿದ ಸಂಖ್ಯೆಗೆ ಗೆರೆ ಎಳೆಯುವುದಷ್ಟೇ ನಮ್ಮ ಕೆಲಸ. ಆಚಾರ್ಯರು ಎಳೆದರೂ ಅದೇ ಗೆರೆ, ಅವರ ಮೊಮ್ಮಗು ಎಳೆದರೂ ಅದೇ ಗೆರೆ. ಪೋಕರಿನಲ್ಲಿ ಹತ್ತು ಬ್ಲೈಂಡಿನ ಬಡವ ನಾಲ್ಕು ಸುತ್ತಿನಲ್ಲಿ 36 ಸಲ ತೀರ್ಮಾನ ಮಾಡಬೇಕಾಗುತ್ತದೆ, ಪ್ರತಿ ತೀರ್ಮಾನಕ್ಕೂ ಎದುರಿಗೆ ಕೂತವರು ಯಾರೆಂದು ಅಳೆಯಬೇಕಾಗುತ್ತದೆ. ಕಷ್ಟಕ್ಕೆ ಸಿಕ್ಕಿದಾಗ ನಮ್ಮಲ್ಲಿ ಇರುವುದು ಎರಡೇ ಚಾಳಿ: ಒಂದು, ಒಳ್ಳೆಯ ಕಾಲ ಬರಲೆಂದು ಇದ್ದುದನ್ನು ಕರಗಿಸುತ್ತ ಕೂರುವುದು, ಇನ್ನೊಂದು, ಆದದ್ದಾಗಲಿ ಎಂದು ಕಣ್ಣು ಮುಚ್ಚಿ ಹಾರುವುದು. ಇವೆರಡರ ನಡುವೆ ಲೆಕ್ಕ ಹಾಕುವ ಮೂರನೆಯ ದಾರಿ ಒಂದಿದೆ ಎಂದು, ಸಂಬಳಕ್ಕೆ ಕುತ್ತು ಬರದಂತೆ, ಪ್ಲಾಸ್ಟಿಕ್ ಬಿಲ್ಲೆಯ ಖರ್ಚಿನಲ್ಲಿ ಕಲಿಸುವ ಆಟವನ್ನು ಹೊರಗೆ ಹಾಕುವುದು ಯಾವ ನ್ಯಾಯ?

ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ ಎರಡು. ತಂಬೋಲ ಬೇಕಾದರೆ ಇಡಿ, ಬೇರೆ ದಿನ ಇಡಿ, ಪೋಕರ್ ಇರಲಿ. ಮತ್ತು ಬ್ಲೈಂಡ್ ಏರಿಸುವ ಅವಧಿಯನ್ನು 20ರಿಂದ 30 ನಿಮಿಷಕ್ಕೆ ಹೆಚ್ಚಿಸಿ. ಕೈಗಳು ಹೆಚ್ಚಾದಷ್ಟೂ ಅದೃಷ್ಟದ ಕೈ ತಗ್ಗುತ್ತದೆ, ಆಟಗಾರನ ಕೈ ಮೇಲಾಗುತ್ತದೆ. ಸಭಾಂಗಣದ ಬಾಡಿಗೆ ಒಂದು ಗಂಟೆ ಹೆಚ್ಚಾದೀತು. ಆಗಲಿ. ಈ ವಿನಂತಿಯನ್ನು ಮುಂದಿನ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಬೇಕು. ಉತ್ತರ ಒಪ್ಪಿಗೆ ಎಂದಾದರೂ ಇರಲಿ, ನಿರಾಕರಣೆ ಎಂದಾದರೂ ಇರಲಿ, ದಯವಿಟ್ಟು "ನೋಡೋಣ" ಎಂದು ಮಾತ್ರ ಬರೆಯಬೇಡಿ.